ಕಟ್ಟಡದ ಮೇಲಿನ ಹೆಸರು

ವಿದ್ಯೆಯ ಬಾಗಿಲು ಸರ್ವರಿಗೂ ತೆರೆದಿರಬೇಕೆಂಬ ಮಾತು ಇಂದು ಸಹಜವೆನಿಸುತ್ತದೆ. ಅದಕ್ಕಾಗಿ ತೆತ್ತ ಬೆಲೆಯನ್ನು ಇತಿಹಾಸವೇ ಹೇಳಬೇಕು.

ಅಮೇರಿಕೆಯ ಅಲಬಾಮಾ ವಿಶ್ವವಿದ್ಯಾನಿಲಯವು ಹಿಂದೆ ಬಿಳಿಯರಿಗೆ ಮಾತ್ರವೇ ಮೀಸಲಾಗಿದ್ದಿತು. ಆಥರೀನ್ ಲೂಸಿ ಎಂಬ ಕರಿಯ ಜನಾಂಗದ ತರುಣಿಯು ನ್ಯಾಯಾಲಯದಲ್ಲಿ ಗೆದ್ದು, ೧೯೫೬ರ ಫೆಬ್ರವರಿಯಲ್ಲಿ ಅಲ್ಲಿ ಪ್ರವೇಶ ಪಡೆದರು. ಮೂರನೆಯ ದಿನವೇ ಉದ್ರಿಕ್ತ ಗುಂಪು ಆಕೆಯನ್ನು ಮುತ್ತಿತು. ರಕ್ಷಣೆಯ ಕಾರಣವೊಡ್ಡಿ ಆಡಳಿತವು ಆಕೆಯನ್ನೇ ತರಗತಿಯಿಂದ ದೂರವಿರಿಸಿತು. ಕೆಲವೇ ವಾರಗಳಲ್ಲಿ ಹೊರಹಾಕಿತು.

ಆ ಆಜ್ಞೆ ರದ್ದಾದುದು ೧೯೮೮ರಲ್ಲಿ. ಮರಳಿ ಬಂದ ಆಕೆ ೧೯೯೨ರಲ್ಲಿ ತಮ್ಮ ಮಗಳೊಡನೆಯೇ ಪದವಿ ಪಡೆದರು. ೨೦೨೨ರ ಫೆಬ್ರವರಿ ೨೫ರಂದು ವಿಶ್ವವಿದ್ಯಾನಿಲಯವು ಸಮಾರಂಭವೊಂದನ್ನು ಏರ್ಪಡಿಸಿ, ಆಕೆಯ ಸಮಕ್ಷಮದಲ್ಲಿ ಶಿಕ್ಷಣ ವಿಭಾಗದ ಕಟ್ಟಡಕ್ಕೆ ಆಕೆಯ ಹೆಸರಿಟ್ಟಿತು.

ಆ ಕಟ್ಟಡಕ್ಕೆ ಮೊದಲಿದ್ದುದು ವರ್ಣದ್ವೇಷಿ ಕ್ಲಾನ್ ಸಂಘದ ಮುಂದಾಳಾಗಿದ್ದ ಗವರ್ನರ್ ಬಿಬ್ ಗ್ರೇವ್ಸನ ಹೆಸರು. ಎರಡು ಹೆಸರುಗಳನ್ನೂ ಜೋಡಿಸಿಡಲು ಆಡಳಿತವು ಮೊದಲು ನಿರ್ಧರಿಸಿದ್ದಿತು. ಆಕ್ಷೇಪಣೆಗಳೆದ್ದ ಮೇಲೆ ಲೂಸಿಯವರ ಹೆಸರೊಂದೇ ಉಳಿಯಿತು. ಸಮಾರಂಭವಾದ ಐದನೆಯ ದಿನ ಅವರು ತೀರಿಕೊಂಡರು.

ನೊಂದವರನ್ನೂ ನೋಯಿಸಿದವರನ್ನೂ ಒಂದೇ ಫಲಕದಲ್ಲಿ ಕೂಡಿಸುವುದು ಸನ್ಮಾನವಲ್ಲ. ಹಳೆಯ ಅನ್ಯಾಯವನ್ನು ಒಪ್ಪಿ ತಿದ್ದಿದಾಗಲೇ ಉತ್ಸವಕ್ಕೆ ಅರ್ಥ ಬರುತ್ತದೆಂಬುದನ್ನು ಉಪಾಧ್ಯಾಯರೂ ವಿದ್ಯಾರ್ಥಿಗಳೂ ಇಲ್ಲಿ ಮನಗಾಣಬಹುದು.