ಅಡುಗೆಮನೆ ಮುಂಬಯಿಗೆ ಬಂದ ದಾರಿ

ಮುಂಬಯಿ ಕನ್ನಡಿಗರ ಚರಿತ್ರೆ ಎಂದೊಡನೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಬರುವುದು ಸಂಘಗಳ ಸ್ಥಾಪನೆ, ಭವನಗಳ ಉದ್ಘಾಟನೆ, ನಾಟಕ, ಯಕ್ಷಗಾನ ಮತ್ತು ಹೋಟೆಲು. ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಆದರೆ ಆ ಸಭೆಗಳಿಗೆ ಹೋದವರು ರಾತ್ರಿ ಮನೆಗೆ ಬಂದು ಏನು ಉಂಡರು, ಬೇಯಿಸಿದವರು ಯಾರು, ಯಾವ ಒಲೆಯ ಮೇಲೆ ಬೇಯಿಸಿದರು, ಆ ಹೊತ್ತಿಗೆ ಮಕ್ಕಳು ಯಾವ ಮೂಲೆಯಲ್ಲಿ ಮಲಗಿದ್ದರು ಎಂಬುದನ್ನು ಬರೆದಿಟ್ಟವರು ಕಡಿಮೆ. ನನಗೆ ಮಾತ್ರ ಇದೇ ದೊಡ್ಡ ಚರಿತ್ರೆ ಎನಿಸುತ್ತದೆ.

ಮೊದಲ ಮಾತು ಏನೆಂದರೆ, ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ಇಲ್ಲಿ ಅಡುಗೆಮನೆಯೇ ಇರಲಿಲ್ಲ. ನೂರು ವರ್ಷದ ಹಿಂದಿನ ಮುಂಬಯಿ ಗಂಡಸರ ಊರು. 1921ರ ಜನಗಣತಿಯ ಪ್ರಕಾರ ನಗರದಲ್ಲಿ 1000 ಗಂಡಸರಿಗೆ ಇದ್ದ ಹೆಂಗಸರು ಸುಮಾರು 525. ಗಿರಣಿ, ಬಂದರು, ಕಚೇರಿ, ಹೋಟೆಲು ಎಂದು ಗಂಡಸರು ಕರಾವಳಿಯಿಂದ ಸ್ಟೀಮರ್ ಹತ್ತಿ ಬಂದರು. ಹೆಂಡತಿ, ಮಕ್ಕಳು, ಹಸು, ಒಲೆ ಎಲ್ಲವೂ ಊರಿನಲ್ಲೇ ಉಳಿದವು. ಮಳೆಗಾಲದಲ್ಲಿ ಕಡಲು ಮುನಿದರೆ ಹಡಗೂ ಇಲ್ಲ. ಇಲ್ಲಿ ಊಟ ಎಂದರೆ ಖಾನಾವಳಿ, ಅಥವಾ ಒಂದೇ ಖೋಲಿಯಲ್ಲಿ ಏಳೆಂಟು ಮಂದಿ ಸರದಿಯಲ್ಲಿ ಬೇಯಿಸಿಕೊಂಡ ಅನ್ನ, ಸಾರು.

ಹೋಟೆಲಿಗೆ ಬಂದ ಹುಡುಗರ ಕತೆಯಂತೂ ಬೇರೆಯೇ. ಹತ್ತು ಹನ್ನೊಂದು ವರ್ಷಕ್ಕೇ ಅಮ್ಮನ ಕೈಯ ಗಂಜಿ ಬಿಟ್ಟು ಬಂದವರು, ಹೋಟೆಲಿನ ಬಚ್ಚಲಲ್ಲಿ ತಟ್ಟೆ ತೊಳೆದು, ಅಲ್ಲೇ ಬೆಂಚಿನ ಮೇಲೆ ಮಲಗಿ ಬೆಳೆದರು. ಹಗಲು ಕೆಲಸ, ಸಂಜೆಯ ಮೇಲೆ ರಾತ್ರಿ ಶಾಲೆ. ಮೊಗವೀರರು, ಬಂಟರು, ಬಿಲ್ಲವರು ಮೊದಲಾದ ಸಮಾಜದವರು ಈ ಹುಡುಗರಿಗಾಗಿ ಕಟ್ಟಿದ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ, ಆಡಬೇಕಾದದ್ದೇ. ಆದರೆ ಅದೇ ಹುಡುಗರ ತಾಯಂದಿರು ಊರಿನಲ್ಲಿದ್ದರು. ಅವರಿಗೆ ಮಗ ಬೆಳೆದದ್ದು ಗೊತ್ತಾದದ್ದು ಮನಿಆರ್ಡರಿನ ಮೊತ್ತ ಹೆಚ್ಚಾದಾಗ, ಅಥವಾ ಎರಡು ಮೂರು ವರ್ಷಕ್ಕೊಮ್ಮೆ ಅವನು ಮೀಸೆ ಹೊತ್ತು ಅಂಗಳದಲ್ಲಿ ಬಂದು ನಿಂತಾಗ. ಮಕ್ಕಳು ಕಣ್ಣೆದುರು ಬೆಳೆಯುವುದು ಎಲ್ಲ ತಾಯಂದಿರಿಗೂ ಸಿಕ್ಕ ಭಾಗ್ಯವಲ್ಲ. ಮುಂಬಯಿಯ ಚರಿತ್ರೆಯಲ್ಲಿ ಅದು ಬಹಳ ತಡವಾಗಿ ಬಂದ ಸಂಗತಿ.

ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಹುಡುಗನಾಗಿದ್ದಾಗಲೇ ಊರು ಬಿಟ್ಟು ಹೋಟೆಲು ಅಡುಗೆಮನೆಗಳಲ್ಲಿ ದುಡಿದು ಮೇಲೆ ಬಂದವರು. ಅಲ್ಲಿ ಬಾಳೆಲೆಯ ಮೇಲೆ ಬಡಿಸಿದ್ದು ಮನೆಯ ಊಟದಂಥ ಊಟ. ಮನೆ ಇಲ್ಲದ ಊರಿನಲ್ಲಿ ಮನೆಯೂಟಕ್ಕೆ ಎಷ್ಟು ಬೆಲೆಯಿದೆ ಎಂಬುದು ಮನೆ ಬಿಟ್ಟು ಬೆಳೆದವರಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ಹೆಂಗಸರು ಬರಬೇಕಾದರೆ ಬಾಗಿಲು ಹಾಕಿಕೊಳ್ಳಬಹುದಾದ ಮನೆ ಬೇಕಿತ್ತು. 1896ರಲ್ಲಿ ಪ್ಲೇಗು ಬಂದು ನಗರ ತತ್ತರಿಸಿದ ಮೇಲೆ, 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ದಾದರ್, ಮಾಟುಂಗಾಗಳಲ್ಲಿ ಗದ್ದೆ ಜೌಗು ತುಂಬಿಸಿ ಬಡಾವಣೆಗಳಾದವು. ಇತ್ತ ಗಾಮದೇವಿಯಲ್ಲಿ ಉತ್ತರ ಮತ್ತು ದಕ್ಷಿಣ ಕನ್ನಡದಿಂದ ಬಂದ ಸಾರಸ್ವತರು 1915ರಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವನ್ನೇ ಕಟ್ಟಿದರು. ಭಾರತದ ಮೊದಮೊದಲ ಸಹಕಾರಿ ವಸತಿ ಸಂಘಗಳಲ್ಲಿ ಒಂದು ಅದು. ಅದರ ಹಿಂದಿದ್ದವರು ಶ್ರೀಪಾದ ಸುಬ್ರಾವ್ ತಲ್ಮಕಿ. ಎರಡೇ ವರ್ಷದಲ್ಲಿ, ಅಂದರೆ 1917ರಲ್ಲಿ, ಅದೇ ಗಾಮದೇವಿಯಲ್ಲಿ ಸಾರಸ್ವತ ಮಹಿಳಾ ಸಮಾಜ ಹುಟ್ಟಿತು. ಮನೆ ಮೊದಲು, ಮಹಿಳಾ ಸಮಾಜ ಅದರ ಬೆನ್ನಿಗೆ. ಈ ಅನುಕ್ರಮವನ್ನು ಗಮನಿಸಿ.

ಚಾಳಿನಲ್ಲಿ ಅಡುಗೆಮನೆ ಎಂದರೆ ಖೋಲಿಯ ಒಂದು ಮೂಲೆ, ಪಕ್ಕದಲ್ಲೇ ಮೋರಿ. ಪಾತ್ರೆ ತೊಳೆಯುವುದೂ ಮೀಯುವುದೂ ಅಲ್ಲೇ. ಪಾಯಿಖಾನೆ ಮಾತ್ರ ಕಾರಿಡಾರಿನ ಕೊನೆಗೆ. ಹೊಸ ಫ್ಲ್ಯಾಟುಗಳಲ್ಲಿ ಪ್ರತ್ಯೇಕ ಅಡುಗೆಕೋಣೆ ಬಂತು, ಜತೆಗೆ ಪಾಯಿಖಾನೆಯೂ ಅದೇ ಸೂರಿನಡಿ ಬಂತು. ಇಂದು ನಗು ಬರಬಹುದು, ಆದರೆ ಮಡಿ ಮೈಲಿಗೆಯಲ್ಲಿ ಬೆಳೆದು ಬಂದ ಅಜ್ಜಿಯಂದಿರಿಗೆ ದೇವರ ಕೋಣೆ, ಅಡುಗೆಕೋಣೆ, ಪಾಯಿಖಾನೆ ಮೂರೂ ಒಂದೇ ಗೋಡೆಯ ಆಚೀಚೆ ಎಂಬುದು ಸಣ್ಣ ಸಂಕಟವಾಗಿರಲಿಲ್ಲ. ಮೊಮ್ಮಕ್ಕಳನ್ನು ಮಳೆಯಲ್ಲಿ ಹೊರಗೆ ಕಳಿಸಬೇಕಾಗಿಲ್ಲವಲ್ಲ ಎಂಬ ಸಮಾಧಾನ ಆ ಸಂಕಟವನ್ನು ಕರಗಿಸಿರಬೇಕು.

ಇನ್ನು ನಾನು ಹೇಳಬೇಕೆಂದುಕೊಂಡ ಮುಖ್ಯ ವಿಷಯಕ್ಕೆ ಬರುತ್ತೇನೆ. 1943ರಲ್ಲಿ ಸಾರಸ್ವತ ಮಹಿಳಾ ಸಮಾಜದಿಂದ ‘ರಸಚಂದ್ರಿಕಾ’ ಎಂಬ ಪಾಕಶಾಸ್ತ್ರದ ಪುಸ್ತಕ ಬಂತು. ಬರೆದವರು ಅಂಬಾಬಾಯಿ ಸಂಶಿ. ಗಶಿ, ತಂಬುಳಿ, ಪತ್ರೊಡೆ, ಸಾಸಮೆ, ಉಪ್ಪಿನಕಾಯಿಗಳ ಲೋಕದಿಂದ ಬಂದ ಹೆಣ್ಣುಮಗಳೊಬ್ಬಳಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಮನೆಮದ್ದು, ಹಬ್ಬಹರಿದಿನಗಳ ವಿವರವೂ ಇದೆ. ಕನ್ನಡಕ್ಕೆ ಪಾಕಶಾಸ್ತ್ರ ಹೊಸದೇನಲ್ಲ. 1508ರ ಹೊತ್ತಿಗೇ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದಿದ್ದ. ಆದರೆ ಮಂಗರಸ ಅರಸುಮನೆತನದವನು. ಮನೆಯಲ್ಲಿ ದಿನವೂ ಬೇಯಿಸುವವರು, ದಿನವೂ ಬೇಯಿಸುವವರಿಗಾಗಿ ಬರೆದದ್ದು ಬೇರೆ ಮಾತು.

ಇಂಥ ಪುಸ್ತಕ ಬರೆಯುವ ಅಗತ್ಯ ಏಕೆ ಬಂತು? ಊರಿನಲ್ಲಿ ಅಡುಗೆಯನ್ನು ಯಾರೂ ಪುಸ್ತಕದಿಂದ ಕಲಿಯುತ್ತಿರಲಿಲ್ಲ. ಅತ್ತೆ, ಅಜ್ಜಿ, ಅತ್ತಿಗೆ, ಪಕ್ಕದ ಮನೆಯ ದೊಡ್ಡಮ್ಮ ಇವರ ಕೈಯಳತೆ ಕಣ್ಣಳತೆ ನೋಡಿ ಕಲಿತದ್ದು. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಹೊಸದಾಗಿ ಸಂಸಾರ ಹೂಡಿದವಳ ಸುತ್ತ ಅವರಾರೂ ಇಲ್ಲ. ‘ಸ್ವಲ್ಪ ಹುಳಿ ಹಾಕು’ ಎಂದರೆ ಎಷ್ಟು ಎಂದು ಯಾರನ್ನು ಕೇಳುವುದು? ಬಾಣಂತಿಗೆ ಏನು ಕೊಡಬೇಕು, ಮಗುವಿಗೆ ಹೊಟ್ಟೆನೋವು ಬಂದರೆ ಏನು ಮಾಡಬೇಕು? ಕೂಡುಕುಟುಂಬದಲ್ಲಿ ಹಿರಿಯರ ಬಾಯಲ್ಲಿ ಇದ್ದದ್ದು ಇಲ್ಲಿ ಪುಸ್ತಕದ ಪುಟಕ್ಕೆ ಇಳಿಯಬೇಕಾಯಿತು.

ಪುಸ್ತಕ ಬಂದ ವರ್ಷವನ್ನೂ ನೋಡಿ. ಯುದ್ಧ ನಡೆಯುತ್ತಿದ್ದ ಕಾಲ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಧಾನ್ಯಕ್ಕೆ ರೇಷನ್ ಬಂತು. ಅಕ್ಕಿಯಲ್ಲೇ ಹುಟ್ಟಿ ಅಕ್ಕಿಯಲ್ಲೇ ಬೆಳೆದ ಜನ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಈಗ ಕಾರ್ಡು ಹಿಡಿದು ಸಾಲಿನಲ್ಲಿ ನಿಂತರೆ ಅಳೆದು ಕೊಡುವಷ್ಟೇ ಅಕ್ಕಿ. ಉಳಿದದ್ದಕ್ಕೆ ಗೋಧಿಯನ್ನೋ ಜೋಳವನ್ನೋ ಒಗ್ಗಿಸಿಕೊಳ್ಳಬೇಕು. ದೋಸೆಗೆ ಅಕ್ಕಿ ನೆನೆಹಾಕುವ ಮೊದಲು ವಾರದ ಲೆಕ್ಕ ನೋಡಬೇಕಾದ ವರ್ಷದಲ್ಲೇ ನೂರಾರು ಬಗೆಯ ಅಡುಗೆಯ ಪುಸ್ತಕ ಹೊರಬಂತು. ಅದನ್ನು ಓದಿ ಮಾಡಿದವರಿಗಿಂತ ಓದಿ ನೆನೆದವರೇ ಆ ವರ್ಷ ಹೆಚ್ಚಿದ್ದರೇನೋ! ನಮ್ಮ ಮನೆಗಳಲ್ಲಿ ರಾತ್ರಿಯೂಟಕ್ಕೆ ಚಪಾತಿ ಕಾಯಂ ಆದದ್ದಕ್ಕೆ ಮರಾಠಿ ನೆರೆಮನೆಯವರ ಪ್ರಭಾವ ಎಷ್ಟು ಕಾರಣವೋ ಈ ರೇಷನ್ ಚೀಲವೂ ಅಷ್ಟೇ ಕಾರಣ ಎಂದು ನನ್ನ ಎಣಿಕೆ.

ಇನ್ನೊಂದು ಸಂಗತಿ. ‘ರಸಚಂದ್ರಿಕಾ’ ಬಂದದ್ದು ಮರಾಠಿಯಲ್ಲಿ. ಇದನ್ನು ಬರೆದ ಸಮುದಾಯದ ಮನೆಮಾತು ಕೊಂಕಣಿ, ಊರಿನ ಶಾಲೆಯ ಭಾಷೆ ಕನ್ನಡ. ಹಿರಿಯರ ಕಾಗದ ಪತ್ರ, ಲೆಕ್ಕಪತ್ರಗಳೆಲ್ಲ ಕನ್ನಡ ಲಿಪಿಯಲ್ಲಿದ್ದ ಕಾಲ. ಆದರೂ ಪುಸ್ತಕ ಮರಾಠಿ. ಬರೆದವರು ಯೋಚಿಸಿದ್ದು ತಾಯಂದಿರ ಬಗ್ಗೆ ಅಲ್ಲ, ಹೆಣ್ಣುಮಕ್ಕಳ ಬಗ್ಗೆ. ಮುಂಬಯಿಯ ಶಾಲೆಯಲ್ಲಿ ಕಲಿತ ಮಗಳು ಯಾವ ಲಿಪಿ ಓದುತ್ತಾಳೋ ಅದರಲ್ಲಿ ಬರೆದರು ಎಂದು ನಾನು ತಿಳಿದಿದ್ದೇನೆ. ಮುಂದೆ ಅದು ಇಂಗ್ಲಿಷಿಗೂ ಹೋಯಿತು. ಅಂದರೆ ಅಡುಗೆ ಉಳಿಯಿತು, ಅದನ್ನು ಹೇಳುವ ನುಡಿ ತಲೆಮಾರಿಗೊಮ್ಮೆ ಬದಲಾಯಿತು. ವಡಾಲಾದ ಎನ್‌ಕೆಇಎಸ್‌ನಂಥ ಕನ್ನಡ ಶಾಲೆಗಳು, ಪಾಲಿಕೆಯ ಕನ್ನಡ ಶಾಲೆಗಳು ಈ ಪ್ರವಾಹಕ್ಕೆ ಎದುರಾಗಿ ಈಜಿದವು. ಆದರೆ ಮಗ್ಗಿ ಕನ್ನಡದಲ್ಲಿ, ಜಗಳ ಹಿಂದಿಯಲ್ಲಿ, ಗೆಳೆತನ ಮರಾಠಿಯಲ್ಲಿ ಎಂದು ಬೆಳೆದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಊಟಕ್ಕೆ ಕೂತಾಗ ಮಾತ್ರ ಪಲ್ಯ ಪಲ್ಯವೇ, ಭಾಜಿ ಅಲ್ಲ!

ಯಂತ್ರಗಳ ವಿಷಯಕ್ಕೆ ಬಂದರೆ, ಫ್ಲ್ಯಾಟಿನಲ್ಲಿ ದೊಡ್ಡ ತಲೆನೋವು ಕಡೆಯುವ ಕಲ್ಲು. ಮೂರನೆಯ ಮಹಡಿಯಲ್ಲಿ ಬೆಳಿಗ್ಗೆ ಐದಕ್ಕೆ ತೆಂಗಿನಕಾಯಿ ಮಸಾಲೆ ಕಡೆದರೆ ಎರಡನೆಯ ಮಹಡಿಯವರಿಗೆ ನಿದ್ದೆಯಿಲ್ಲ. ಕಲ್ಲಿನಡಿ ಗೋಣಿಚೀಲ ಮಡಚಿಟ್ಟು ಕಡೆದವರು ಎಷ್ಟು ಮಂದಿ! ಸೀಮೆಎಣ್ಣೆಯ ಸ್ಟೌವಿಗೆ ಪಂಪು ಹೊಡೆದು ಹೊಡೆದು ಸೋತ ಕೈಗಳಿಗೆ 1955ರಲ್ಲಿ ಬರ್ಮಾ ಶೆಲ್ ಮುಂಬಯಿಗೆ ತಂದ ಗ್ಯಾಸ್ ಸಿಲಿಂಡರ್ ವರವಾಯಿತು. ಎಲ್ಲರ ಮನೆ ಮುಟ್ಟಲು ಅದಕ್ಕೆ ದಶಕಗಳೇ ಬೇಕಾದವು ಎಂಬುದು ಬೇರೆ. 1959ರಲ್ಲಿ ಹಾಕಿನ್ಸ್ ಕುಕ್ಕರ್ ಕಂಪನಿಯೂ ಇಲ್ಲೇ ಶುರುವಾಯಿತು. ಆಮೇಲೆ ಬಂದ ಸುಮೀತ್ ಮಿಕ್ಸರೂ ಮುಂಬಯಿಯ ಕೂಸೇ. ಮಾಧುರಿ ಮಾಥುರ್ ಎಂಬವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರು ನಮ್ಮ ದೇಶದ ಅರೆತಕ್ಕೆ ತಾಳಲಾರದೆ ಕೆಟ್ಟುಹೋಯಿತು. ಎಂಜಿನಿಯರಾಗಿದ್ದ ಪತಿ ಸತ್ಯಪ್ರಕಾಶ ಮಾಥುರ್ ಗಟ್ಟಿ ಮೋಟಾರಿನ ಯಂತ್ರವನ್ನು ತಾವೇ ರೂಪಿಸಿದರು. ಕಲ್ಲಿನ ರುಚಿ ಮಿಕ್ಸರಿಗಿಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ಕಲ್ಲಿನ ಮುಂದೆ ಕೂತು ಕಡೆದವರು ಆ ಮಾತು ಹೇಳಿದ್ದನ್ನು ನಾನು ಹೆಚ್ಚಾಗಿ ಕೇಳಿಲ್ಲ.

ಉಪನಗರಗಳಿಗೆ ಮನೆ ಸರಿದ ಹಾಗೆ ಹೊಸ ಕಷ್ಟ ಬಂತು. ಗೋರೆಗಾಂವ್, ಮಲಾಡ್, ಮುಲುಂಡ್, ಡೊಂಬಿವಲಿಗಳಲ್ಲಿ ಜಾಗ ಸಿಕ್ಕಿತು, ನೀರು ಸಿಗಲಿಲ್ಲ. ನಸುಕಿನಲ್ಲಿ ನಲ್ಲಿಗೆ ನೀರು, ಆಮೇಲೆ ಆರೆ ಹಾಲಿನ ಬೂತಿನಲ್ಲಿ ಕಾರ್ಡು ಮತ್ತು ಗಾಜಿನ ಬಾಟಲಿ ಹಿಡಿದು ನಿಂತ ಮಕ್ಕಳು, ಆರೂವರೆಗೆ ಡಬ್ಬಾ ತಯಾರು. ಗೋರೆಗಾಂವ್ ಕಡೆಯ ಹೆಂಗಸರನ್ನು ನೀರಿಗಾಗಿ ಸಂಘಟಿಸಿದ ಮೃಣಾಲ್ ಗೋರೆಯವರನ್ನು ಜನ ‘ಪಾಣಿವಾಲಿ ಬಾಯಿ’ ಎಂದೇ ಕರೆದರು. ಮಹಾರಾಷ್ಟ್ರದಲ್ಲಿ ಬರ ಬಿದ್ದು ಬೆಲೆ ಏರಿದಾಗ, 1972ರಲ್ಲಿ, ಅವರೂ ಅಹಿಲ್ಯಾ ರಾಂಗಣೇಕರರೂ ಸೇರಿ ಬೆಲೆಯೇರಿಕೆಯ ವಿರುದ್ಧ ಹೆಂಗಸರ ಒಕ್ಕೂಟ ಕಟ್ಟಿದರು. ಲಟ್ಟಣಿಗೆ ಹಿಡಿದು, ತಟ್ಟೆ ಬಡಿಯುತ್ತ ಸಾವಿರಾರು ಮಂದಿ ಬೀದಿಗೆ ಬಂದರು. ಅಡುಗೆಮನೆಯಿಂದ ಹೊರಬಂದು ಅಡುಗೆಮನೆಗಾಗಿಯೇ ನಡೆದ ಆ ಹೋರಾಟ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಒಂದು ಸಾಲಿಗಾದರೂ ಅರ್ಹ.

ಕೆಲಸಕ್ಕೆ ಹೋಗುವ ಹೆಂಗಸರಿಗೆ ಅಡುಗೆಮನೆ ಲೋಕಲ್ ಟ್ರೇನಿಗೂ ಹಬ್ಬಿತು. 1992ರಲ್ಲಿ ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಲೇಡೀಸ್ ಸ್ಪೆಷಲ್ ಬರುವ ಮೊದಲೂ, ಬಂದ ಮೇಲೂ, ಸಂಜೆಯ ಹೆಂಗಸರ ಡಬ್ಬಿಯಲ್ಲಿ ಬಟಾಣಿ ಸುಲಿದು, ಮೆಂತೆಸೊಪ್ಪು ಬಿಡಿಸಿ ಚೀಲಕ್ಕೆ ತುಂಬಿಕೊಂಡವರು ನಾವೇ. ಪಕ್ಕದ ಗುಜರಾತಿ ಬೆಹನ್‌ಳಿಂದ ಢೋಕಳಾ ಕಲಿತದ್ದು, ಅವಳಿಗೆ ನೀರುದೋಸೆ ಕಲಿಸಿದ್ದು ಅಂಧೇರಿಯಿಂದ ಕಾಂದಿವಲಿಯ ನಡುವಿನ ಆ ಇಪ್ಪತ್ತು ನಿಮಿಷದಲ್ಲೇ. ಮಕ್ಕಳು ಬೆಳೆದದ್ದನ್ನು ನಾವು ನೋಡಿದ್ದು ಬೆಳಿಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ. ಊರಿನಲ್ಲಿ ಉಳಿದ ಆ ಅಜ್ಜಿಯರಿಗೆ ಹೋಲಿಸಿದರೆ ಅದು ಹೆಚ್ಚು. ನಮಗೆ ಸಾಲಲಿಲ್ಲ ಎಂಬುದೂ ನಿಜ.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ ಮೇಲೆ ರಜೆಗೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಮರಳುವಾಗ ಬರ್ತಿನಡಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನ ಮಿಡಿಯ ಭರಣಿ, ತೆಂಗಿನೆಣ್ಣೆಯ ಡಬ್ಬ. ಈಗ ಅದೆಲ್ಲ ಮಾಟುಂಗಾ ಮಾರ್ಕೆಟಿನಲ್ಲೂ ಸಿಗುತ್ತದೆ, ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆಬಾಗಿಲಿಗೂ ಬರುತ್ತದೆ.

ಸಿಗದಿರುವುದು ಒಂದಿದೆ. ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಎಣ್ಣೆ ಹಿಡಿದ ಹಳೆಯ ನೋಟುಬುಕ್ಕುಗಳಿವೆ. ಮಾತು ತುಳುವೋ ಕೊಂಕಣಿಯೋ ಕುಂದಗನ್ನಡವೋ, ಲಿಪಿ ಮಾತ್ರ ಕನ್ನಡ. ಅವುಗಳಲ್ಲಿ ಗ್ರಾಂ ಇಲ್ಲ, ಕಪ್ ಇಲ್ಲ. ಸಿದ್ದೆ, ಪಾವು, ಸೇರು, ‘ಲಿಂಬೆ ಗಾತ್ರದ ಹುಳಿ’, ‘ಎರಡು ಬೆರಳು ಬೆಲ್ಲ’. ಮಗಳಿಗೋ ಸೊಸೆಗೋ ಆ ಲಿಪಿ ಓದಲು ಬರುವುದಿಲ್ಲ. ಓದಬಲ್ಲ ಅಮ್ಮ, ಅತ್ತೆ ಇನ್ನೂ ಮನೆಯಲ್ಲಿದ್ದರೆ ಈ ರಜೆಯಲ್ಲಿ ಪಕ್ಕದಲ್ಲಿ ಕೂತು ಓದಿಸಿಕೊಳ್ಳಿ. ಅಳತೆ ಬರೆದುಕೊಳ್ಳಿ, ಯಾರಿಂದ ಕಲಿತದ್ದು, ಆಗ ಯಾವ ಖೋಲಿಯಲ್ಲಿದ್ದರು, ಯಾವ ಒಲೆಯಿತ್ತು, ಕಲಿತಾಗ ಮಡಿಲಲ್ಲಿ ಯಾವ ಮಗುವಿತ್ತು ಎಂಬುದನ್ನೂ ಅಂಚಿನಲ್ಲಿ ಬರೆದುಕೊಳ್ಳಿ.