ಮಾನವ ಕಳ್ಳಸಾಗಣೆ ತಡೆ: ಯಾವ ಇಲಾಖೆಯ ಹೊಣೆ ಏನು?

ಮನುಷ್ಯರ ಮಾರಾಟ ಮತ್ತು ಬಲವಂತದ ದುಡಿಮೆಯನ್ನು ನಮ್ಮ ಸಂವಿಧಾನದ 23ನೇ ವಿಧಿ ನಿಷೇಧಿಸಿದೆ. ಆದರೆ ಈ ಅಪರಾಧವನ್ನು ತಡೆಯುವ, ಸಿಕ್ಕಿಬಿದ್ದವರನ್ನು ಬಿಡಿಸುವ ಮತ್ತು ಅವರ ಬದುಕನ್ನು ಮತ್ತೆ ಕಟ್ಟಿಕೊಡುವ ಕೆಲಸ ಒಂದೇ ಇಲಾಖೆಯ ಕೈಯಲ್ಲಿಲ್ಲ. ಬಿಡಿಸುವವರು ಪೊಲೀಸರು, ಆಶ್ರಯ ನೀಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಪರಿಹಾರ ಕೊಡಿಸುವುದು ಕಾನೂನು ಸೇವಾ ಪ್ರಾಧಿಕಾರ. ಜೀತದ ಪ್ರಕರಣವಾದರೆ ಜಿಲ್ಲಾಡಳಿತ, ಹೊರದೇಶದ ಪ್ರಕರಣವಾದರೆ ವಿದೇಶಾಂಗ ಸಚಿವಾಲಯ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಬಿಡುಗಡೆಯಾದವರು ಮತ್ತೆ ಅದೇ ದಲ್ಲಾಳಿಯ ಕೈಗೆ ಬೀಳುವ ಸಂಭವವಿದೆ.

ಕೇಂದ್ರ ಗೃಹ ಸಚಿವಾಲಯವು 2006ರಲ್ಲಿ ಇದಕ್ಕಾಗಿ ಪ್ರತ್ಯೇಕ ಘಟಕವನ್ನು ತೆರೆಯಿತು. ಆ ಬಳಿಕ ರಾಜ್ಯಗಳಲ್ಲಿ ಪೊಲೀಸರ ಮಾನವ ಕಳ್ಳಸಾಗಣೆ ತಡೆ ಘಟಕಗಳು ಆರಂಭವಾದವು. ಎಲ್ಲ ಜಿಲ್ಲೆಗಳಿಗೂ ಇವುಗಳನ್ನು ವಿಸ್ತರಿಸಲು ನಿರ್ಭಯಾ ನಿಧಿಯಿಂದ 2020ರಲ್ಲಿ 100 ಕೋಟಿ ರೂಪಾಯಿ ನೀಡಲಾಯಿತು. ಕಾಣೆಯಾದ ಮಗು ನಾಲ್ಕು ತಿಂಗಳೊಳಗೆ ಪತ್ತೆಯಾಗದಿದ್ದರೆ ತನಿಖೆಯನ್ನು ಈ ಘಟಕಕ್ಕೆ ವಹಿಸಬೇಕು ಎಂಬ ನಿಯಮವಿದೆ. ಹೆತ್ತವರು ಇದನ್ನು ತಿಳಿದಿದ್ದು ಠಾಣೆಯಲ್ಲಿ ಕೇಳಬೇಕು. ಕೇಳದೆ ಕಡತ ತಾನಾಗಿ ಮುಂದೆ ಹೋಗುವುದು ಕಷ್ಟ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಂತೆ ಒಬ್ಬ ವ್ಯಕ್ತಿಯ ಸಾಗಣೆಗೆ 7ರಿಂದ 10 ವರ್ಷಗಳ ಕಠಿಣ ಶಿಕ್ಷೆಯಿದೆ. ಮಗುವಾದರೆ ಕನಿಷ್ಠ 10 ವರ್ಷ, ಜೀವಾವಧಿಯವರೆಗೂ ಆಗಬಹುದು. "ಅವಳೇ ಒಪ್ಪಿ ಬಂದಳು" ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ. ಸಂತ್ರಸ್ತರ ಸಮ್ಮತಿ ಲೆಕ್ಕಕ್ಕಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಭಿಕ್ಷಾಟನೆಗೆ ತಳ್ಳುವುದನ್ನೂ ಶೋಷಣೆಯ ಪಟ್ಟಿಗೆ ಸೇರಿಸಲಾಗಿದೆ. ಆದರೆ ಬಲವಂತದ ದುಡಿಮೆ ಎಂಬ ಮಾತು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಇಲ್ಲದಿರುವುದು ದೊಡ್ಡ ಕೊರತೆಯೇ ಸರಿ.

ಬಿಡುಗಡೆಯ ನಂತರ

ದಾಳಿಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ, ನಂತರದ ಕಥೆ ಬರುವುದಿಲ್ಲ. ವೇಶ್ಯಾವಾಟಿಕೆಯ ಪ್ರಕರಣಗಳಿಗೆ 1956ರ ಅನೈತಿಕ ಸಾಗಾಟ ತಡೆ ಕಾಯ್ದೆ ಅನ್ವಯಿಸುತ್ತದೆ. ಅದರಂತೆ ದಾಳಿಗೆ ಹೋಗುವ ಅಧಿಕಾರಿಯ ಜೊತೆ ಇಬ್ಬರು ಮಹಿಳಾ ಪೊಲೀಸರು ಇರಬೇಕು. ಬಿಡಿಸಲಾದವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆಕೆಯ ವಯಸ್ಸು, ಮನೆಯ ಸ್ಥಿತಿ, ಹೆತ್ತವರ ಬಳಿಗೆ ಕಳುಹಿಸುವುದು ಯೋಗ್ಯವೇ ಎಂಬುದರ ವಿಚಾರಣೆ ನಡೆಯುತ್ತದೆ. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ, ಏಕೆಂದರೆ ಮಾರಿದವರು ಕೆಲವೊಮ್ಮೆ ಮನೆಯವರೇ ಆಗಿರುತ್ತಾರೆ. ಮ್ಯಾಜಿಸ್ಟ್ರೇಟರಿಗೆ ನೆರವಾಗಲು ಐವರು ಗಣ್ಯರ ಸಮಿತಿಯನ್ನು ಕರೆಯಬಹುದು, ಅವರಲ್ಲಿ ಸಾಧ್ಯವಾದಷ್ಟು ಮೂವರು ಮಹಿಳೆಯರಿರಬೇಕು. ಬಿಡಿಸಿದ್ದು ಮಗುವನ್ನಾದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು.

ಆಶ್ರಯಕ್ಕಾಗಿ ಕೇಂದ್ರವು 2007ರ ಡಿಸೆಂಬರಿನಲ್ಲಿ ಉಜ್ವಲಾ ಯೋಜನೆಯನ್ನು ಆರಂಭಿಸಿತ್ತು. ಅದು ಈಗ ಸ್ವಾಧಾರ ಗೃಹದೊಂದಿಗೆ ಸೇರಿ ಮಿಷನ್ ಶಕ್ತಿಯಡಿ 'ಶಕ್ತಿ ಸದನ'ವಾಗಿದೆ. ಹಾಗೆಂದು ವಯಸ್ಕ ಮಹಿಳೆಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಆಶ್ರಯಧಾಮದಲ್ಲಿ ಕೂಡಿಹಾಕುವಂತಿಲ್ಲ. ಹಾಗೆ ಇರುವವರನ್ನು ಬಿಡುಗಡೆ ಮಾಡುವಂತೆ ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ನಿರ್ದೇಶಿಸಿತ್ತು. ರಕ್ಷಣೆ ಸೆರೆಮನೆಯಾಗಬಾರದಲ್ಲ!

ಜೀತದಾಳುಗಳ ವಿಷಯದಲ್ಲಿ ಜಿಲ್ಲಾಡಳಿತ ನೀಡುವ ಬಿಡುಗಡೆ ಪತ್ರವೇ ಎಲ್ಲಕ್ಕೂ ಆಧಾರ. ಪತ್ರ ಸಿಕ್ಕರೆ 30,000 ರೂಪಾಯಿವರೆಗೆ ತಕ್ಷಣದ ನೆರವು ದೊರೆಯುತ್ತದೆ. ಆದರೆ ಒಂದರಿಂದ ಮೂರು ಲಕ್ಷದವರೆಗಿನ ಪೂರ್ಣ ಪುನರ್ವಸತಿ ಹಣ ವಿಚಾರಣೆಯ ಫಲಿತಾಂಶಕ್ಕೆ ಕಾಯಬೇಕು. ಒಡಿಶಾ ಅಥವಾ ಜಾರ್ಖಂಡಿನ ಊರಿಗೆ ಮರಳಿದ ಕೂಲಿಯಾಳು ಸಾಕ್ಷಿ ಹೇಳಲು ಎಷ್ಟು ಬಾರಿ ಇಲ್ಲಿಗೆ ಬಂದಾನು? ಒಂದು ರಾಜ್ಯದ ಪೊಲೀಸರು ಇನ್ನೊಂದು ರಾಜ್ಯದ ಆಡಳಿತದೊಂದಿಗೆ ಮಾತನಾಡದಿದ್ದರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. 2018ರ ಜುಲೈಯಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆಯಲ್ಲಿ ಇದಕ್ಕಾಗಿ ರಾಷ್ಟ್ರೀಯ ಬ್ಯೂರೋ ಒಂದರ ಪ್ರಸ್ತಾಪವಿತ್ತು. ರಾಜ್ಯಸಭೆಯಲ್ಲಿ ಅಂಗೀಕಾರವಾಗದೆ ಅದು ಬಿದ್ದುಹೋಯಿತು. 2019ರ ತಿದ್ದುಪಡಿಯ ನಂತರ ರಾಷ್ಟ್ರೀಯ ತನಿಖಾ ದಳವೂ ಇಂತಹ ಪ್ರಕರಣಗಳನ್ನು ಕೈಗೆತ್ತಿಕೊಳ್ಳಬಹುದಾಗಿದೆ.

ಕೊಲ್ಲಿಗೆ ಹೋಗುವವರು

ನಮ್ಮ ಕರಾವಳಿಯಲ್ಲಿ ಗಲ್ಫಿಗೆ ಯಾರೂ ಹೋಗದ ಕುಟುಂಬ ಅಪರೂಪ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಂತೆ ಸರಕಾರದ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಮಹಿಳೆಗೆ 30 ವರ್ಷ ತುಂಬಿರಬೇಕು. ದಲ್ಲಾಳಿಗಳು ಈ ತಡೆಯನ್ನು ದಾಟಿಸುವುದು ವಿಸಿಟ್ ವೀಸಾದ ಮೂಲಕ. ಹೀಗೆ ಹೋದವರ ಹೆಸರು ಇ-ಮೈಗ್ರೇಟ್ ದಾಖಲೆಯಲ್ಲಿ ಇರುವುದಿಲ್ಲ. ಕೆಲಸಕ್ಕೆ ಹೋಗುವವರಿಗೆ ಸಿಗುವ 10 ಲಕ್ಷ ರೂಪಾಯಿಯ ವಿಮೆಯೂ ಇರುವುದಿಲ್ಲ. ವೀಸಾ ಕೈಗೆ ಬಂದೊಡನೆ ಅದು ಉದ್ಯೋಗದ ವೀಸಾವೇ ಎಂದು ನೋಡಿ, ಏಜೆಂಟರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್‌ನಲ್ಲಿ ಪರಿಶೀಲಿಸುವುದು ಒಳಿತು. ಅಲ್ಲಿ ಸಂಕಷ್ಟಕ್ಕೆ ಸಿಲುಕಿದವರಿಗೆ ಭಾರತೀಯ ರಾಯಭಾರ ಕಚೇರಿಯು ಸಮುದಾಯ ಕಲ್ಯಾಣ ನಿಧಿಯಿಂದ ವಸತಿ ಹಾಗೂ ವಿಮಾನ ಟಿಕೆಟ್ ನೀಡಲು ಅವಕಾಶವಿದೆ. ಮನೆಯವರು ಊರಿನಿಂದಲೇ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು.

ತುರ್ತು ಸಂದರ್ಭದಲ್ಲಿ 112, ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181 ಸಂಖ್ಯೆಗೆ ಕರೆ ಮಾಡಬಹುದು. ಪರಿಹಾರದ ಅರ್ಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಅಲ್ಲಿ ಮಾನವ ಕಳ್ಳಸಾಗಣೆಗೆ ಒಳಗಾದವರಿಗೆ, ಆದಾಯ ಎಷ್ಟೇ ಇದ್ದರೂ, ವಕೀಲರ ನೆರವು ಉಚಿತ.