ಕಟ್ಟಿಗೆಯನ್ನು ಭಟ್ಟಿಯಿಳಿಸಿದ ಕಾರ್ಖಾನೆ

ಹತ್ತಿ ಬಿಡಿಸುವುದು ಮುಗಿಯಿತೆಂದರೆ ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಲ್ಲಿ ಉಳಿಯುವುದು ಹತ್ತಿಕಟ್ಟಿಗೆ. ಅದರಲ್ಲಿ ಕೆಲವು ಹೊರೆ ಮನೆಯ ಒಲೆಗೆ ಬರುತ್ತದೆ. ಮಿಕ್ಕುದಕ್ಕೆ ಎಷ್ಟೋ ಕಡೆ ಹೊಲದಲ್ಲಿಯೇ ಬೆಂಕಿ ಬೀಳುತ್ತದೆ. ಇಂಥ ಕಡ್ಡಿಕಸದಿಂದ ವಾಹನಗಳಿಗೆ ಇಂಧನವನ್ನೂ ಕಾರ್ಖಾನೆಗಳಿಗೆ ರಸಾಯನಗಳನ್ನೂ ತೆಗೆಯಬಹುದೆಂಬ ಮಾತು ಈಗ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಇದನ್ನು ಹೊಸ ವಿದ್ಯೆಯೆಂದು ಬಗೆಯುವವರು ಒಮ್ಮೆ ಭದ್ರಾವತಿಯ ಕತೆಯನ್ನು ಕೇಳಬೇಕು.

ಆ ಊರಿನ ಹಿಂದಿನ ಹೆಸರು ಬೆಂಕಿಪುರ. ಕುಲುಮೆ ಬರುವುದಕ್ಕೆ ಮುಂಚೆಯೇ ಇಂಥ ಹೆಸರು ಅದಕ್ಕೆ ಒದಗಿದ್ದುದು ವಿನೋದವೇ ಸರಿ! ಮೈಸೂರು ಸಂಸ್ಥಾನಕ್ಕೆ ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು ಬೇಕಾದಷ್ಟಿತ್ತು. ಅದನ್ನು ಕರಗಿಸಲು ಕಲ್ಲಿದ್ದಲು ಇರಲಿಲ್ಲ. 1912ರಿಂದ 1918ರ ವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ದೃಷ್ಟಿ ಮಲೆನಾಡಿನ ಕಾಡಿನ ಮೇಲೆ ಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರ ಜನವರಿ 18ರಂದು, ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕಾರ್ಖಾನೆ ಅಲ್ಲಿ ಆರಂಭವಾಯಿತು.

ಇದ್ದಿಲನ್ನು ನಮ್ಮವರು ಹಿಂದಿನಿಂದಲೂ ಸುಡುತ್ತ ಬಂದವರೇ. ಆದರೆ ಮಣ್ಣು ಮುಚ್ಚಿ ಸುಟ್ಟಾಗ ಹೊಗೆಯೆಲ್ಲ ಗಾಳಿಯ ಪಾಲು. ಭದ್ರಾವತಿಯವರು ಆ ಹೊಗೆಯನ್ನೇ ಹಿಡಿದರು. ಒಣಗಿದ ಕಟ್ಟಿಗೆಯನ್ನು ಗಾಳಿಯಾಡದ ಕಬ್ಬಿಣದ ಕೋಠಿಗಳಲ್ಲಿಟ್ಟು ಹೊರಗಿನಿಂದ ಕಾಯಿಸಿದರೆ ಅದು ಉರಿಯಲಾರದು, ಒಡೆಯುತ್ತದೆ. ಕಟ್ಟಿಗೆಯ ತೂಕದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಇದ್ದಿಲಾಗಿ ಉಳಿಯುತ್ತದೆ. ಹೊರಟ ಆವಿಯನ್ನು ತಣಿಸಿದರೆ ಹುಳಿನೀರು ಇಳಿಯುತ್ತದೆ, ತಳದಲ್ಲಿ ಟಾರು ನಿಲ್ಲುತ್ತದೆ. ಹುಳಿನೀರಿಗೆ ಸುಣ್ಣ ಸೇರಿಸಿದರೆ ಕ್ಯಾಲ್ಸಿಯಂ ಅಸಿಟೇಟ್ ಎಂಬ ಲವಣ. ಬೇರೆಯಾಗಿ ಭಟ್ಟಿಯಿಳಿಸಿದರೆ ಮರದ ಮದ್ಯಸಾರ, ಅಂದರೆ ಮೆಥನಾಲ್. ಹೆಸರಿಗೆ ಮದ್ಯವಾದರೂ ಕುಡಿದವರ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷವದು. ಆ ಲವಣದಿಂದ ಅಸಿಟೋನ್ ಆಗುತ್ತಿತ್ತು. 1914-18ರ ಮಹಾಯುದ್ಧದಲ್ಲಿ ಕಾರ್ಡೈಟ್ ಮದ್ದಿಗೆ ಅಸಿಟೋನ್ ಬೇಕಾಗಿ ಅದಕ್ಕೆ ಬಂದ ಬೆಲೆ ಅಷ್ಟಿಷ್ಟಲ್ಲ. ಇದ್ದಿಲು ಕುಲುಮೆಗೆ, ರಸಾಯನಗಳು ಪೇಟೆಗೆ, ಎಂಬ ಈ ಲೆಕ್ಕಾಚಾರ ಬಹಳ ಜಾಣ್ಮೆಯದೆಂದೇ ನನ್ನ ಎಣಿಕೆ.

ಕಾಲ ಮಾತ್ರ ಕೂಡಿಬರಲಿಲ್ಲ. ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿ.ಎ.ಎಸ್.ಎಫ್. ಸಂಸ್ಥೆಯವರು ಕಲ್ಲಿದ್ದಲಿನ ಅನಿಲದಿಂದ ಮೆಥನಾಲನ್ನು ಅಗ್ಗವಾಗಿ ತಯಾರಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಮರದ ಮದ್ಯಸಾರಕ್ಕೆ ಜಗತ್ತಿನ ಪೇಟೆಯಲ್ಲಿ ನೆಲೆಯಿಲ್ಲದಂತಾಯಿತು. ಭದ್ರಾವತಿಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಿಶ್ವೇಶ್ವರಯ್ಯನವರೇ ವಹಿಸಿಕೊಂಡು ಹಲವು ವರ್ಷ ದುಡಿದು ಕಾರ್ಖಾನೆಯನ್ನು ದಡ ಸೇರಿಸಬೇಕಾಯಿತು.

ಇದ್ದಿಲಿನ ಬೆಲೆಯನ್ನು ತೆತ್ತುದು ಕಾಡು. ಕುಲುಮೆಗೆ ರಜೆಯಿಲ್ಲ; ಬೆಳೆಯಲು ಮರಕ್ಕೆ ದಶಕಗಳು ಬೇಕು. ಜೋಗದ ವಿದ್ಯುತ್ತು 1948ರಲ್ಲಿ ಬಂದು, 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳಾದ ಮೇಲೆ ಆ ಭಾರ ತಗ್ಗಿತು. ಇದರ ನಡುವೆ ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸುಗಳು ಓಡಿದ್ದುಂಟು. ಪೆಟ್ರೋಲ್ ಮರಳಿತು, ಅವು ಮಾಯವಾದವು.

ಈಗಿನ ಪ್ರಯತ್ನದಲ್ಲಿ ಕಾಡಿನ ಸ್ಥಾನಕ್ಕೆ ಹೊಲ ಬಂದಿದೆ. 2022ರ ಆಗಸ್ಟಿನಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವ ಗುರಿಯೊಡನೆ ಕಾರ್ಖಾನೆಯೊಂದನ್ನು ರಾಷ್ಟ್ರಕ್ಕೆ ಅರ್ಪಿಸಲಾಯಿತು. ಅಲ್ಲಿ ಹುಲ್ಲು ಗದ್ದೆಯಲ್ಲೇ ಉರಿದು ಊರುಗಳಿಗೆ ಹೊಗೆಯಾಗುತ್ತಿತ್ತು. ನಮ್ಮ ಎರೆಸೀಮೆಯ ಮಾತೇ ಬೇರೆ. ಜೋಳದ ಕಣಿಕೆ ಎತ್ತಿನ ಬಾಯಿಯದು, ಅದನ್ನು ಯಾವ ಯಂತ್ರಕ್ಕೂ ಕೊಡತಕ್ಕದ್ದಲ್ಲ. ಹತ್ತಿಕಟ್ಟಿಗೆಯಲ್ಲೂ ಬಡವರ ಒಲೆಯ ಪಾಲು ಮೊದಲು ಸಲ್ಲಬೇಕು. ಮಿಕ್ಕುದು ಹಗುರ, ಗಾಡಿ ತುಂಬಿದರೂ ತೂಕ ಬಾರದು. ಭದ್ರಾವತಿಗೆ ಕಾಡು ಹತ್ತಿರವಿತ್ತು. ಇಲ್ಲಿ ಹೊಲ ಹೊಲದಿಂದ ಆಯ್ದು ತರುವ ಕೂಲಿ, ಬಾಡಿಗೆಗಳು ಕಟ್ಟಿಗೆಯ ಬೆಲೆಯನ್ನೇ ನುಂಗಿದರೆ, ನರಗುಂದದ ರೈತನು ಕಡ್ಡಿ ಗೀರುವುದನ್ನು ಬಿಡಲಾರನು.